ಚಿಕ್ಕ ಮನೆಯ ಗ್ಯಾರೇಜಿಗೆ ತಕ್ಕ ಲಿಫ್ಟು ಯಾವುದು?

ಮೋಟಾರು ಗಾಡಿಯ ತಳಭಾಗವನ್ನು ಕಣ್ಣಾರೆ ನೋಡಬೇಕಾದರೆ ಇರುವುದು ಎರಡೇ ಮಾರ್ಗ: ಒಂದೋ ನಾವು ಅದರ ಕೆಳಗೆ ಇಳಿಯಬೇಕು, ಇಲ್ಲವೆ ಅದನ್ನೇ ಮೇಲಕ್ಕೆ ಎತ್ತಬೇಕು. ದುರಸ್ತಿಯ ಅಂಗಡಿಗಳಲ್ಲಿ ಬಹುಕಾಲ ಮೊದಲನೆಯ ಮಾರ್ಗವೇ ರೂಢಿಯಲ್ಲಿದ್ದಿತು. ನೆಲದಲ್ಲಿ ಆಳವಾದ ಗುಂಡಿಯೊಂದನ್ನು ತೋಡಿ, ಅದರ ಮೇಲೆ ಗಾಡಿಯನ್ನು ನಿಲ್ಲಿಸಿ, ಮೇಸ್ತ್ರಿಯು ಗುಂಡಿಯೊಳಗೆ ನಿಂತು ತಲೆಯ ಮೇಲೆ ಕೈಯೆತ್ತಿ ಕೆಲಸ ಮಾಡುತ್ತಿದ್ದನು. ಲಾರಿ ಬಸ್ಸುಗಳ ಷೆಡ್ಡುಗಳಲ್ಲಿ ಇಂದಿಗೂ ಈ ಗುಂಡಿಗಳನ್ನು ಕಾಣಬಹುದು. ಈಚೆಗೆ ಎರಡನೆಯ ಮಾರ್ಗವು, ಎಂದರೆ ಗಾಡಿಯನ್ನು ಎತ್ತುವ ಯಂತ್ರವು, ಅಂಗಡಿಗಳಿಂದ ಹೊರಟು ಮನೆಗಳ ಬಾಗಿಲಿಗೂ ಬರತೊಡಗಿದೆ. ಇದನ್ನು ಎಲ್ಲರೂ ಲಿಫ್ಟು ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಮನೆಯಲ್ಲಿ ಲಿಫ್ಟು ಯಾರಿಗೆ ಬೇಕು ಎಂದು ಕೆಲವರು ಕೇಳಬಹುದು. ೧೯೮೩ರಲ್ಲಿ ಹೊರಬಂದ ಮಾರುತಿ ೮೦೦, ೨೦೧೪ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಮುಂತಾದ ಹಳೆಯ ಗಾಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅವುಗಳ ಒಳಗುಟ್ಟನ್ನು ಬಲ್ಲ ಮೇಸ್ತ್ರಿಗಳು ವಿರಳವಾಗುತ್ತಿರುವ ಈ ಕಾಲದಲ್ಲಿ ಯಜಮಾನನೇ ಸ್ಪಾನರು ಹಿಡಿಯುವುದು ಅನಿವಾರ್ಯವಾಗುತ್ತದೆ. ಮಂಗಳೂರು, ಉಡುಪಿಗಳ ಕಡೆ ಭಾರಿ ಮಳೆ, ಕಡಲ ಉಪ್ಪುಗಾಳಿ ಎರಡೂ ಸೇರಿ ಗಾಡಿಯ ತಳದ ತಗಡನ್ನು ತುಕ್ಕು ಹಿಡಿಸುತ್ತವೆ. ಅಲ್ಲಿಯವರಿಗೆ ವರ್ಷಕ್ಕೊಮ್ಮೆಯಾದರೂ ತಳವನ್ನು ನೋಡಿ, ತೊಳೆದು, ಬಣ್ಣ ಬಳಿಯುವುದು ಗಾಡಿಯ ಆಯುಸ್ಸಿನ ಪ್ರಶ್ನೆ. ಆದುದರಿಂದ ಈ ಬಯಕೆಯನ್ನು ಬರಿಯ ಷೋಕಿಯೆಂದು ತಳ್ಳಿಹಾಕುವಂತಿಲ್ಲ.

ಆದರೆ ಇದರಲ್ಲಿ ಪ್ರಾಣದ ಪ್ರಶ್ನೆಯೂ ಅಡಗಿದೆ. ನಮ್ಮ ಅನುಭವವನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಷೆಡ್ಡಿನಲ್ಲಿ ಹಳೆಯ ಗಾಡಿಯೊಂದರ ಮುಂಭಾಗವನ್ನು ಜಾಕಿನ ಮೇಲೆ ಎತ್ತಿ ಎಣ್ಣೆ ಇಳಿಸುತ್ತಿದ್ದೆವು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟಿರಲಿಲ್ಲ. ನೀರು ಹರಿದುಹೋಗಲೆಂದು ನೆಲವನ್ನು ಗೇಟಿನ ಕಡೆಗೆ ಇಳಿಜಾರಾಗಿ ಕಟ್ಟಿದ್ದುದನ್ನೂ ಮರೆತಿದ್ದೆವು. ಪಕ್ಕದ ಮನೆಯ ಹುಡುಗನು ಟಾರ್ಚು ಹಿಡಿದು ಗಾಡಿಯ ಕೆಳಗೆ ಮಲಗಿದ್ದನು. ತಾಯಿ ಕಾಫಿಗೆ ಕೂಗಿದಳೆಂದು ಹೊರಗೆ ಬಂದನು. ಅವನು ಷೆಡ್ಡಿನ ಹೊಸ್ತಿಲು ದಾಟುವಷ್ಟರಲ್ಲಿ ಗಾಡಿಯು ಒಂದು ಗೇಣು ಹಿಂದಕ್ಕೆ ಸರಿಯಿತು, ಜಾಕು ವಾಲಿತು, ಗಾಡಿಯು ನೆಲಕ್ಕೆ ಕುಸಿಯಿತು. ತಪ್ಪು ಜಾಕಿನದಲ್ಲ, ನಮ್ಮದು. ಆ ತಾಯಿ ಇನ್ನೊಂದು ನಿಮಿಷ ತಡವಾಗಿ ಕೂಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಲಿಫ್ಟಿನ ವಿಚಾರವನ್ನು ನಾವು ಗಂಭೀರವಾಗಿ ಓದತೊಡಗಿದ್ದು ಅಂದಿನಿಂದ.

ಹಾಗೆ ಓದಿ, ನೋಡಿ, ಅಳೆದು ನಾವು ತಳೆದಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ನಗರಗಳ ಸಾಧಾರಣ ಮನೆಗೆ ಎರಡು ಕಂಬದ ಲಿಫ್ಟು ತಕ್ಕುದಲ್ಲ. ಲಿಫ್ಟು ಬೇಕೇಬೇಕೆಂಬವರಿಗೆ ಸೊಂಟದೆತ್ತರಕ್ಕೆ ಏರುವ ಕತ್ತರಿ ಲಿಫ್ಟೇ ಯೋಗ್ಯವಾದುದು. ಯಾವ ಬಗೆಯದನ್ನೇ ಕೊಳ್ಳಲಿ, ಹಣವನ್ನೂ ಗಮನವನ್ನೂ ಮೊದಲು ಕೊಡಬೇಕಾದದ್ದು ನೆಲಕ್ಕೆ, ಆಮೇಲೆ ಯಂತ್ರಕ್ಕೆ. ಈ ಮಾತುಗಳಿಗೆ ಕಾರಣಗಳನ್ನು ಮುಂದೆ ವಿವರಿಸುತ್ತೇವೆ.

ಎತ್ತುವುದು ಎಣ್ಣೆ, ಹಿಡಿಯುವುದು ಉಕ್ಕು

ಲಿಫ್ಟಿನ ತತ್ತ್ವವು ಹಳೆಯದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲನು ಹದಿನೇಳನೆಯ ಶತಮಾನದಲ್ಲಿ ತೋರಿಸಿಕೊಟ್ಟನು. ಸಣ್ಣ ಪಿಸ್ಟನ್ನಿನ ಮೇಲೆ ಹಾಕಿದ ಅಲ್ಪ ಬಲವು ದೊಡ್ಡ ಪಿಸ್ಟನ್ನಿನಲ್ಲಿ ಅಧಿಕ ಬಲವಾಗಿ ಹೊರಬೀಳುತ್ತದೆ. ಈ ತತ್ತ್ವವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ೧೭೯೫ರಲ್ಲಿ ದ್ರವದ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿಯು ೧೯೨೦ರ ದಶಕದಲ್ಲಿ ಅದನ್ನೇ ಮೋಟಾರು ಗಾಡಿ ಎತ್ತಲು ಹೊಂದಿಸಿದನು. ಕ್ಷೌರದಂಗಡಿಯಲ್ಲಿ ಮೇಲೇರುವ ಕುರ್ಚಿಯನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ.

ಎತ್ತಲು ಬೇಕಾಗುವ ಶಕ್ತಿಯು ಎಷ್ಟೆಂದು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ೧,೦೦೦ ಕಿಲೋಗ್ರಾಂ ತೂಗುವ ಗಾಡಿಯನ್ನು ೧ ಮೀಟರು ಎತ್ತಲು ಸುಮಾರು ೯,೮೦೦ ಜೂಲು ಶಕ್ತಿ ಸಾಕು. ಮೋಟಾರು, ಪಂಪುಗಳಲ್ಲಿ ಅರ್ಧದಷ್ಟು ನಷ್ಟವಾಗುವುದೆಂದು ಭಾವಿಸಿದರೂ ೧೯,೬೦೦ ಜೂಲು. ಒಂದು ಯೂನಿಟ್ ವಿದ್ಯುತ್ತೆಂದರೆ ೩೬ ಲಕ್ಷ ಜೂಲು. ಎಂದರೆ ಒಂದೇ ಯೂನಿಟ್ಟಿನಲ್ಲಿ ಆ ಗಾಡಿಯನ್ನು ಸುಮಾರು ೧೮೦ ಸಲ ಎತ್ತಬಹುದು! ಆದಕಾರಣ ವಿದ್ಯುತ್ತಿನ ಖರ್ಚಿನ ಚಿಂತೆ ಬೇಡ. ಗಮನಿಸಬೇಕಾದದ್ದು ಬೇರೆ: ೧.೫ ಕಿಲೋವಾಟಿನ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರವಾಹದ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಅದಕ್ಕೆ ಪ್ರತ್ಯೇಕವಾದ ದಪ್ಪ ತಂತಿ, ಪ್ರತ್ಯೇಕವಾದ ಸ್ವಿಚ್ಚು, ಚೆನ್ನಾದ ಭೂಸಂಪರ್ಕ ಇವು ಇರಲೇಬೇಕು. ದೀಪದ ಪ್ಲಗ್ಗಿನಿಂದ ಉದ್ದನೆಯ ತಂತಿ ಎಳೆದು ಲಿಫ್ಟು ನಡೆಸುವುದು ಅಪಾಯಕರ.

ಇಲ್ಲಿ ಒಂದು ಮುಖ್ಯಾಂಶವನ್ನು ವಾಚಕರು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ಎಣ್ಣೆಯು ಗಾಡಿಯನ್ನು ಎತ್ತಬಲ್ಲುದೇ ಹೊರತು ಗಂಟೆಗಟ್ಟಲೆ ಹಿಡಿದಿಡಲು ನಂಬತಕ್ಕ ವಸ್ತುವಲ್ಲ. ರಬ್ಬರಿನ ಉಂಗುರವು ಸವೆಯಬಹುದು, ಕೊಳವೆ ಬಿರಿಯಬಹುದು, ಕವಾಟದಲ್ಲಿ ಮರಳಿನ ಕಣ ಸಿಕ್ಕಿಕೊಳ್ಳಬಹುದು. ಆದುದರಿಂದ ಒಳ್ಳೆಯ ಲಿಫ್ಟಿನಲ್ಲಿ ಹಲ್ಲುಪಟ್ಟಿಯೂ ಅದಕ್ಕೆ ಸಿಕ್ಕಿಕೊಳ್ಳುವ ಉಕ್ಕಿನ ಕೊಕ್ಕೆಯೂ ಇರುತ್ತವೆ. ಗಾಡಿಯು ಬೇಕಾದ ಎತ್ತರಕ್ಕೆ ಏರಿದ ಮೇಲೆ ಅದನ್ನು ಸ್ವಲ್ಪ ಇಳಿಸಿ, ಭಾರವೆಲ್ಲವೂ ಕೊಕ್ಕೆಯ ಮೇಲೆ ಕುಳಿತ ಸದ್ದನ್ನು ಕೇಳಿ, ಕಣ್ಣಿನಿಂದಲೂ ನೋಡಿ, ಅನಂತರವೇ ಕೆಳಗೆ ಕೈ ಚಾಚಬೇಕು. ಈ ಕೊಕ್ಕೆಯಿಲ್ಲದ ಲಿಫ್ಟನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳತಕ್ಕದ್ದಲ್ಲ.

ಹಾಸಿಗೆ ಇದ್ದಷ್ಟು ಕಾಲು

ಈಗ ಅಳತೆಗೆ ಬರೋಣ. ಬೆಂಗಳೂರು, ಮೈಸೂರುಗಳಲ್ಲಿ ಮಧ್ಯಮ ವರ್ಗದ ಸಂಸಾರವು ಮನೆ ಕಟ್ಟುವುದು ಬಹುಮಟ್ಟಿಗೆ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನದಲ್ಲಿ. ಅದರಲ್ಲಿ ಗಾಡಿಗೆ ದೊರೆಯುವುದು ೧೦ ಅಡಿ ಅಗಲ, ೧೮ ಅಡಿ ಉದ್ದದ ಒಂದು ಮೂಲೆ. ಮೀಟರಿನ ಲೆಕ್ಕದಲ್ಲಿ ಸುಮಾರು ೩ ಮತ್ತು ೫.೫. ಮೇಲೆ ತಾರಸಿಯು ೧೦ ಅಡಿಯ ಎತ್ತರದಲ್ಲಿದ್ದರೆ ಅದೃಷ್ಟ. ಗಾಡಿಯ ನಿಲ್ದಾಣಕ್ಕೆಂದೇ ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆಗಳಲ್ಲಿ ೮ ಅಡಿಯಷ್ಟೇ ಇರುವುದೂ ಉಂಟು. ಅಳೆಯುವಾಗ ತಾರಸಿಯವರೆಗೆ ಅಳೆಯಬಾರದು. ಅದಕ್ಕಿಂತ ಕೆಳಗಿಳಿದಿರುವ ತೊಲೆ, ಬಾಗಿಲ ಬಳಿಯ ರೋಲಿಂಗ್ ಷಟರಿನ ಸುರುಳಿ, ದೀಪ, ಕೊಳವೆ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ತಗ್ಗಿನಲ್ಲಿದೆಯೋ ಅಲ್ಲಿಯವರೆಗೆ ಅಳೆಯಬೇಕು.

ಎರಡು ಕಂಬದ ಲಿಫ್ಟು ನೋಡಲು ಗಂಭೀರ, ಕೆಲಸಕ್ಕೆ ಅನುಕೂಲ. ಇಕ್ಕೆಲಗಳಲ್ಲಿ ಒಂದೊಂದು ಕಂಬ. ಪ್ರತಿಯೊಂದರಿಂದ ಎರಡೆರಡು ತೋಳುಗಳು ಗಾಡಿಯ ಕೆಳಗೆ ಚಾಚಿ ಅದರ ಅಂಚುಗಳನ್ನು ಎತ್ತಿಹಿಡಿಯುತ್ತವೆ. ಗಾಲಿಗಳು ನಾಲ್ಕೂ ತೂಗಾಡುತ್ತಿರುವುದರಿಂದ ಬ್ರೇಕು, ಸ್ಪ್ರಿಂಗು ಎಲ್ಲಕ್ಕೂ ಕೈ ಎಟಕುತ್ತದೆ. ಮಧ್ಯಭಾಗವೂ ತೆರೆದಿರುತ್ತದೆ. ದುರಸ್ತಿಯ ಅಂಗಡಿಯವರು ಇದನ್ನು ಮೆಚ್ಚುವುದು ನ್ಯಾಯವೇ ಸರಿ. ಆದರೆ ಸಾಮಾನ್ಯ ಗಾತ್ರದ ಇಂಥ ಲಿಫ್ಟಿನ ಕಂಬಗಳ ಹೊರ ಅಂಚುಗಳ ನಡುವಣ ಅಗಲವೇ ೧೧ ಅಡಿಯ ಆಸುಪಾಸಿನಲ್ಲಿದೆ. ೧೦ ಅಡಿಯ ಷೆಡ್ಡಿಗೆ ಅದು ಹಿಡಿಸುವುದಾದರೂ ಹೇಗೆ?

ಎತ್ತರದ ಮಾತನ್ನೂ ಲೆಕ್ಕ ಹಾಕಿ ನೋಡಿ. ಗಾಡಿಯ ಕೆಳಗೆ ಆಳು ನೇರವಾಗಿ ನಿಲ್ಲಬೇಕಾದರೆ ಅದರ ತಳವು ನೆಲದಿಂದ ೧.೮ ಮೀಟರು ಮೇಲಿರಬೇಕು. ಒಟ್ಟು ೧.೬ ಮೀಟರು ಎತ್ತರದ ಗಾಡಿಯಲ್ಲಿ ತಳದಿಂದ ಮಾಡಿನವರೆಗೆ ೧.೪ ಮೀಟರಿಗೂ ಸ್ವಲ್ಪ ಹೆಚ್ಚು ಇರುತ್ತದೆ. ಎರಡನ್ನೂ ಕೂಡಿಸಿದರೆ ೩.೨ ಮೀಟರು ಮೀರಿತು. ನಾಲ್ಕು ಬೆರಳು ಎಡೆಬಿಟ್ಟರೆ ೩.೩. ನಮ್ಮ ತಾರಸಿ ಇರುವುದು ೩ ಮೀಟರಿನಲ್ಲಿ. ಅಷ್ಟು ಹಣ ಸುರಿದು ಎರಡು ಕಂಬ ನೆಟ್ಟು, ಕಡೆಗೆ ಅದರ ಕೆಳಗೆ ಬೆನ್ನು ಬಗ್ಗಿಸಿ ನಿಲ್ಲುವುದಾದರೆ ಆ ಕಂಬಗಳಿಂದ ಬಂದ ಲಾಭವೇನು?

ನಾಲ್ಕು ಕಂಬದ ಲಿಫ್ಟು ಇನ್ನೊಂದು ಬಗೆ. ಗಾಡಿಯು ಎರಡು ಉದ್ದನೆಯ ಹಳಿಗಳ ಮೇಲೆ ಓಡಿ ನಿಲ್ಲುತ್ತದೆ, ಹಳಿಗಳೇ ಮೇಲೇರುತ್ತವೆ. ಭಾರವು ನಾಲ್ಕು ಕಂಬಗಳ ಮೇಲೆ ನೇರವಾಗಿ ಕೆಳಗಿಳಿಯುವುದರಿಂದ ಇದು ಹೆಚ್ಚು ಸ್ಥಿರ. ಒಂದು ಗಾಡಿಯ ಮೇಲೆ ಇನ್ನೊಂದನ್ನು ನಿಲ್ಲಿಸಲು ಅನೇಕರು ಇದನ್ನು ಬಯಸುತ್ತಾರೆ. ಆದರೆ ೧.೫ ಮೀಟರಿನ ಎರಡು ಗಾಡಿಗಳು, ನಡುವೆ ಹಳಿಯ ದಪ್ಪ, ಮೇಲೊಂದಿಷ್ಟು ಎಡೆ ಇವೆಲ್ಲ ಸೇರಿದರೆ ಇಲ್ಲಿಯೂ ೩.೨ ಮೀಟರು ದಾಟುತ್ತದೆ. ಅದೂ ಅಲ್ಲದೆ ಗಾಡಿಯು ತನ್ನ ಗಾಲಿಗಳ ಮೇಲೆಯೇ ನಿಂತಿರುವುದರಿಂದ ಗಾಲಿ ಬಿಚ್ಚಲು ಹಳಿಗಳ ನಡುವೆ ಮತ್ತೊಂದು ಜಾಕು ಬೇಕಾಗುತ್ತದೆ. ಎತ್ತರದ ಮಾಡುಳ್ಳ ತೋಟದ ಮನೆಯವರಿಗೆ, ಹಳೆಯ ಹಂಚಿನ ಕೊಟ್ಟಿಗೆಯುಳ್ಳವರಿಗೆ ಇದು ಒಪ್ಪೀತು. ಪೇಟೆಯ ಮನೆಗೆ ಒಪ್ಪದು.

ಉಳಿದದ್ದು ಕತ್ತರಿ ಲಿಫ್ಟು. ಅಡ್ಡಡ್ಡಲಾಗಿ ಜೋಡಿಸಿದ ಉಕ್ಕಿನ ಪಟ್ಟಿಗಳು ಕತ್ತರಿಯ ಕಾಲುಗಳಂತೆ ತೆರೆದುಕೊಂಡು ಮೇಲಿನ ಹಲಗೆಯನ್ನು ಎತ್ತುತ್ತವೆ. ಮನೆಗಳಿಗೆಂದು ಮಾಡಿದವು ಗಾಡಿಯನ್ನು ೧ ಮೀಟರಿನಷ್ಟು, ಎಂದರೆ ಸುಮಾರು ಸೊಂಟದೆತ್ತರ, ಎತ್ತುತ್ತವೆ. ಇಳಿಸಿದಾಗ ಒಂದು ಗೇಣಿಗಿಂತಲೂ ತಗ್ಗಿ ನೆಲಕ್ಕೆ ಅಂಟಿಕೊಂಡಿರುತ್ತವೆ. ಗಾಡಿಯು ಅವುಗಳ ಮೇಲೆಯೇ ಹಾದುಬಂದು ನಿಲ್ಲುತ್ತದೆ. ೧.೬ ಮೀಟರಿನ ಗಾಡಿಯು ೧ ಮೀಟರು ಏರಿದರೆ ಒಟ್ಟು ೨.೬ ಮೀಟರು, ೩ ಮೀಟರಿನ ತಾರಸಿಯ ಕೆಳಗೆ ಇನ್ನೂ ಒಂದಡಿಗಿಂತ ಹೆಚ್ಚು ಎಡೆ ಉಳಿಯುತ್ತದೆ. ಚಿಕ್ಕ ಮಣೆಯ ಮೇಲೆ ಕುಳಿತು ನೆಮ್ಮದಿಯಾಗಿ ಕೆಲಸ ಮಾಡಬಹುದು.

ಇದಕ್ಕೂ ದೋಷಗಳಿಲ್ಲವೆಂದಲ್ಲ. ಒಂದೇ ಹಲಗೆಯ ಮಾದರಿಯಲ್ಲಿ ಗಾಡಿಯ ತಳದ ಮಧ್ಯಭಾಗವು ಮುಚ್ಚಿಹೋಗುವುದರಿಂದ ಗೇರುಪೆಟ್ಟಿಗೆ, ಹೊಗೆಕೊಳವೆಗಳಿಗೆ ಕೈ ಹೋಗುವುದು ಕಷ್ಟ. ಎರಡು ಪಕ್ಕಗಳಲ್ಲೂ ಬೇರೆ ಬೇರೆ ಹಲಗೆಗಳಿರುವ ಮಾದರಿಯನ್ನು ಆರಿಸಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ. ಆದರೆ ಎರಡೂ ಸಮನಾಗಿ ಏರುವಂತೆ ಹೊಂದಿಸಿರುವುದನ್ನು ಪರೀಕ್ಷಿಸಿ ನೋಡಬೇಕು. ಇನ್ನೊಂದು ಮಾತು. ಕತ್ತರಿಯು ಮಡಿಸಿಕೊಂಡಿರುವಾಗ ಅದನ್ನು ತೆರೆಯಲು ಅತ್ಯಧಿಕ ಬಲ ಬೇಕಾಗುತ್ತದೆ. ಉರುಳೆಯು ಅಡ್ಡಲಾಗಿ ತಳ್ಳುವ ಸರಳ ಕತ್ತರಿಯಲ್ಲಿ, ಕಾಲುಗಳು ನೆಲದೊಡನೆ ೧೦ ಡಿಗ್ರಿ ಕೋನದಲ್ಲಿರುವಾಗ, ಭಾರದ ಐದೂವರೆ ಪಟ್ಟಿಗೂ ಹೆಚ್ಚಿನ ಬಲ ಬೇಕು. ೪೫ ಡಿಗ್ರಿಗೆ ಬಂದಾಗ ಭಾರದಷ್ಟೇ ಬಲ ಸಾಕು. ಲಿಫ್ಟು ಮೊದಲ ಒಂದು ಗೇಣು ಏರುವಾಗ ನರಳುವುದು ಈ ಕಾರಣದಿಂದಲೇ. ಕೀಲುಗಳ ಮೊಳೆ, ಕೊಳವೆ, ಉಂಗುರ ಎಲ್ಲಕ್ಕೂ ಹೆಚ್ಚು ಶ್ರಮ ಬೀಳುವುದು ಆ ಕ್ಷಣದಲ್ಲಿ. ಕೊಳ್ಳುವ ಮುನ್ನ ನಿಮ್ಮ ಗಾಡಿಯಷ್ಟೇ ಭಾರದ ಗಾಡಿಯನ್ನು ನೆಲಮಟ್ಟದಿಂದ ಎತ್ತಿ ತೋರಿಸುವಂತೆ ಕೇಳುವುದು ಇದಕ್ಕಾಗಿ.

ನೆಲದ ಮಾತು

ಯಂತ್ರವನ್ನು ತಯಾರಿಸಿದವರು ಎಷ್ಟೇ ಪ್ರಾಮಾಣಿಕರಾಗಿರಲಿ, ಅದು ನಿಲ್ಲುವ ನೆಲವನ್ನು ಅವರು ಕಟ್ಟಿರುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅಪಾಯದ ಮೂಲವಿರುವುದು ಇಲ್ಲಿಯೇ. ದೊಡ್ಡ ಎರಡು ಕಂಬದ ಲಿಫ್ಟುಗಳಿಗೆ ಕನಿಷ್ಠ ೪ ಅಂಗುಲ, ಎಂದರೆ ೧೦ ಸೆಂಟಿಮೀಟರು ದಪ್ಪದ, ಚದರ ಅಂಗುಲಕ್ಕೆ ೩,೦೦೦ ಪೌಂಡು ತಾಳುವ ಕಾಂಕ್ರೀಟು ಬೇಕೆಂದು ತಯಾರಕರು ಸಾಮಾನ್ಯವಾಗಿ ಕೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಎಂ ೨೦ ಎಂಬ ದರ್ಜೆಗೂ ಸ್ವಲ್ಪ ಮೇಲೆ. ಆದರೆ ನಮ್ಮ ಮನೆಗಳ ನೆಲದಡಿಯಲ್ಲಿ ಹಾಕುವುದು ಬಹುಮಟ್ಟಿಗೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ ಬೆರೆಸಿದ ಬಡ ಕಾಂಕ್ರೀಟು. ಅದರ ತಾಳಿಕೆಯು ಎಂ ೨೦ರ ಅರ್ಧಕ್ಕಿಂತಲೂ ಕಡಿಮೆ. ಅದರ ಮೇಲೆ ಗಾರೆ, ಗಾರೆಯ ಮೇಲೆ ಟೈಲ್ಸು ಅಥವಾ ಕಡಪ ಕಲ್ಲು. ಕಣ್ಣಿಗೆ ಥಳಥಳಿಸುವ ಆ ನೆಲದಲ್ಲಿ ಬೋಲ್ಟು ಹಿಡಿಯುವ ಸತ್ವವಿಲ್ಲ.

ಎರಡು ಕಂಬದ ಲಿಫ್ಟಿನ ಬೋಲ್ಟುಗಳಿಗೆ ಬೀಳುವ ಎಳೆತವನ್ನು ಸ್ಥೂಲವಾಗಿ ಲೆಕ್ಕ ಮಾಡೋಣ. ೧,೦೦೦ ಕಿಲೋಗ್ರಾಂ ಗಾಡಿಯಲ್ಲಿ ಒಂದು ಕಂಬದ ಪಾಲು ೫೦೦. ಆ ಭಾರವು ಕಂಬದ ಪಾದದ ಒಳ ಅಂಚಿನಿಂದ ೬೦ ಸೆಂಟಿಮೀಟರು ದೂರದಲ್ಲಿ ತೂಗುತ್ತಿದೆ. ಹೊರಗಡೆಯ ಬೋಲ್ಟುಗಳು ಅದೇ ಅಂಚಿನಿಂದ ೪೦ ಸೆಂಟಿಮೀಟರು ಹಿಂದಿವೆ ಎಂದಿಟ್ಟುಕೊಳ್ಳಿ. ತಕ್ಕಡಿಯ ನ್ಯಾಯದಂತೆ ಬೋಲ್ಟುಗಳು ೭೫೦ ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಮೇಲಕ್ಕೆ ಎಳೆಯಲ್ಪಡುತ್ತವೆ. ಕಂಬದ ಸ್ವಂತ ಭಾರವು ಇದರಲ್ಲಿ ಕೊಂಚ ಕಡಿಮೆ ಮಾಡೀತು. ಆದರೂ ಬಡ ಕಾಂಕ್ರೀಟಿನಿಂದ ಬೋಲ್ಟು ಬೇರುಸಹಿತ ಕಿತ್ತುಬರುವ ಭಯ ಇದ್ದೇ ಇದೆ. ಕತ್ತರಿ ಲಿಫ್ಟಿನಲ್ಲಿ ಭಾರವು ನೆಲವನ್ನು ಒತ್ತುತ್ತದೆಯೇ ಹೊರತು ಹೀಗೆ ಕೀಳುವುದಿಲ್ಲ. ನಾವು ಅದನ್ನು ಮೆಚ್ಚಲು ಇದೊಂದು ದೊಡ್ಡ ಕಾರಣ.

ಇನ್ನೂ ಒಂದು ಎಚ್ಚರಿಕೆ ನಮ್ಮ ಊರುಗಳಿಗೇ ವಿಶಿಷ್ಟವಾದುದು. ಬೆಂಗಳೂರಿನ ಅಸಂಖ್ಯ ಮನೆಗಳಲ್ಲಿ ನೀರಿನ ಸಂಪು ಇರುವುದು ಗಾಡಿ ನಿಲ್ಲುವ ಜಾಗದ ಅಡಿಯಲ್ಲಿಯೇ! ಗಾಡಿಯು ದಿನವೂ ಅದರ ಮೇಲೆ ಓಡಾಡುವುದರಿಂದ ಲಿಫ್ಟಿಗೂ ಆದೀತೆಂದು ಕೆಲವರು ತಿಳಿಯುತ್ತಾರೆ. ಇದು ತಪ್ಪು. ಸಂಪಿನ ಮುಚ್ಚಳದ ತಾರಸಿಯನ್ನು ಲಿಫ್ಟಿನ ಭಾರಕ್ಕಾಗಿ ಲೆಕ್ಕ ಹಾಕಿ ಕಟ್ಟಿರುವುದಿಲ್ಲ. ಗಾಡಿಯ ಭಾರದ ಜೊತೆಗೆ ಯಂತ್ರದ ಭಾರವೂ ಸೇರಿ ಕೆಲವೇ ಬಿಂದುಗಳಲ್ಲಿ ಕೇಂದ್ರೀಕರಿಸುತ್ತದೆ. ಬೋಲ್ಟಿಗಾಗಿ ಕೊರೆದ ರಂಧ್ರವು ಒಳಗಿನ ಕಬ್ಬಿಣವನ್ನು ಕಡಿದೀತು. ಸೋರಿದ ಎಣ್ಣೆಯು ಕುಡಿಯುವ ನೀರಿಗೆ ಇಳಿದೀತು. ಸಂಪಿನ ಮೇಲೆ ಯಾವ ಬಗೆಯ ಲಿಫ್ಟನ್ನೂ ಇಡಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಬೇರೆ ಜಾಗವಿಲ್ಲದಿದ್ದರೆ ಲಿಫ್ಟಿನ ಆಸೆಯನ್ನೇ ಬಿಡಬೇಕು.

ಇಳಿಜಾರನ್ನೂ ಮರೆಯಬಾರದು. ೫೦ಕ್ಕೆ ೧ರ ಇಳಿಜಾರು ಕಣ್ಣಿಗೆ ಕಾಣದಷ್ಟು ಅಲ್ಪ. ಆದರೂ ೨ ಮೀಟರಿನಲ್ಲಿ ೪ ಸೆಂಟಿಮೀಟರು ತಗ್ಗುತ್ತದೆ. ಲಿಫ್ಟು ನಿಲ್ಲುವಷ್ಟು ಭಾಗವನ್ನಾದರೂ ಒಡೆದು, ಹೊಸದಾಗಿ ಬಲವಾದ ಕಾಂಕ್ರೀಟನ್ನು ಸಮತಟ್ಟಾಗಿ ಹಾಕಿಸಿ, ನಾಲ್ಕು ವಾರ ಗಟ್ಟಿಯಾಗಲು ಬಿಟ್ಟು, ಆಮೇಲೆ ಯಂತ್ರವನ್ನು ತರಿಸುವುದು ವಿವೇಕ. ಕಟ್ಟಡದ ಇಂಜಿನಿಯರೊಬ್ಬರು ಒಮ್ಮೆ ಬಂದು ನೋಡಿದರೆ ಮೇಲು. ಅವರಿಗೆ ಕೊಡುವ ಹಣವು ಲಿಫ್ಟಿನ ಬೆಲೆಯ ಮುಂದೆ ಏನೇನೂ ಅಲ್ಲ.

ಭಾರ ಎಲ್ಲಿದೆ?

ಗಾಡಿಯ ನಡುವನ್ನು ಲಿಫ್ಟಿನ ನಡುವಿಗೆ ಸರಿಮಾಡಿ ನಿಲ್ಲಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಇಂಜಿನ್ನೂ ಚಾಲನೆಯೂ ಮುಂದಿರುವ ಇಂದಿನ ಸಣ್ಣ ಗಾಡಿಗಳಲ್ಲಿ ಭಾರದ ಸುಮಾರು ೬೦ ಪಾಲು ಮುಂದಿನ ಗಾಲಿಗಳ ಮೇಲಿರುತ್ತದೆ, ೪೦ ಪಾಲು ಹಿಂದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ದೂರ ೨.೪ ಮೀಟರಾದರೆ ಗುರುತ್ವ ಕೇಂದ್ರವು ಮುಂದಿನ ಗಾಲಿಯಿಂದ ೯೬ ಸೆಂಟಿಮೀಟರು ಹಿಂದೆ ಬೀಳುತ್ತದೆ. ಎಂದರೆ ನಟ್ಟನಡುವಿಗಿಂತ ೨೪ ಸೆಂಟಿಮೀಟರು ಮುಂದೆ. ಈ ಬಿಂದುವೇ ಲಿಫ್ಟಿನ ನಡುವಿಗೆ ಬರಬೇಕು.

ಈ ಬಿಂದುವು ಸ್ಥಿರವಲ್ಲವೆಂಬುದು ಇನ್ನೂ ಮುಖ್ಯ. ೧,೦೦೦ ಕಿಲೋಗ್ರಾಂ ತೂಗುವ ಅದೇ ಗಾಡಿಯಿಂದ ೧೫೦ ಕಿಲೋಗ್ರಾಮಿನ ಇಂಜಿನ್ನು ಮತ್ತು ಗೇರುಪೆಟ್ಟಿಗೆಯನ್ನು ಇಳಿಸಿದಿರೆನ್ನಿ. ಮುಂದೆ ೪೫೦, ಹಿಂದೆ ೪೦೦ ಉಳಿಯಿತು. ಗುರುತ್ವ ಕೇಂದ್ರವು ೧೭ ಸೆಂಟಿಮೀಟರಿನಷ್ಟು ಹಿಂದಕ್ಕೆ ಸರಿಯಿತು. ಮೊದಲು ಸರಿಯಾಗಿಯೇ ಕುಳಿತಿದ್ದ ಗಾಡಿಯು ಈಗ ಹಿಂದಕ್ಕೆ ವಾಲತೊಡಗುತ್ತದೆ. ಭಾರವಾದ ಭಾಗವನ್ನು ಬಿಚ್ಚುವ ಮುನ್ನ ಗಾಡಿಯ ಎರಡು ತುದಿಗಳಿಗೂ ಎತ್ತರದ ಆಧಾರಗಳನ್ನು ಕೊಡಬೇಕೆಂಬುದು ಇದರಿಂದ ತಿಳಿಯುತ್ತದೆ. ವಿದ್ಯುತ್ ಗಾಡಿಗಳಲ್ಲಿ ಮತ್ತೊಂದು ಎಚ್ಚರಿಕೆ ಬೇಕು: ಅವುಗಳ ಬ್ಯಾಟರಿಯು ತಳದ ಉದ್ದಗಲಕ್ಕೂ ಹರಡಿರುವುದರಿಂದ, ತಯಾರಕರು ಗುರುತಿಸಿದ ಎತ್ತುವ ಬಿಂದುಗಳನ್ನು ಬಿಟ್ಟು ಬೇರೆಲ್ಲಿಯೂ ಲಿಫ್ಟಿನ ಮೆತ್ತೆಯನ್ನು ಒತ್ತಬಾರದು.

ಲಿಫ್ಟಿನ ಮೇಲೆ ಬರೆದಿರುವ ಸಾಮರ್ಥ್ಯವು ಗಾಡಿಯ ತೂಕದ ಒಂದೂವರೆ ಪಟ್ಟಾದರೂ ಇರಲಿ. ಅಮೆರಿಕದಲ್ಲಿ ೧೯೪೫ರಲ್ಲಿ ಸ್ಥಾಪಿತವಾದ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಪರೀಕ್ಷಿತ ಲಿಫ್ಟುಗಳಿಗೆ ಮುದ್ರೆ ಕೊಡುತ್ತದೆ, ಯೂರೋಪಿನಲ್ಲಿ ಇ.ಎನ್. ೧೪೯೩ ಎಂಬ ಮಾನಕವಿದೆ. ಇವುಗಳಲ್ಲಿ ಒಂದರ ಪ್ರಮಾಣಪತ್ರವನ್ನು ಮಾರುವವರು ತೋರಿಸಬೇಕು. ತೋರಿಸಲಾರದವರ ನಯವಾದ ಮಾತಿಗೆ ಮರುಳಾಗಬೇಡಿ.

ಗುಂಡಿಯೇ ಸಾಲದೆ?

ಇಷ್ಟೆಲ್ಲ ತಾಪತ್ರಯವೇಕೆ, ಹಳೆಯ ಕಾಲದ ಗುಂಡಿಯೇ ಸಾಲದೆ ಎಂದು ಹಿರಿಯರು ಕೇಳಬಹುದು. ಮನೆಗೆ ಗುಂಡಿಯೂ ಬೇಡವೆಂದೇ ನಾವು ಹೇಳುತ್ತೇವೆ. ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಅನಿಲವೂ ಗಾಳಿಗಿಂತ ಭಾರವೇ. ಇವು ಸೋರಿದರೆ ನೀರಿನಂತೆ ಹರಿದು ಗುಂಡಿಯ ತಳದಲ್ಲಿ ನಿಲ್ಲುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಒಂದು ಕಿಡಿ ಸಾಕು. ಅಂಗಡಿಗಳಲ್ಲಿ ಗಾಳಿಯಾಡಲು ಏರ್ಪಾಡು ಮಾಡಬಹುದು. ಮನೆಯಲ್ಲಿ ಅಷ್ಟು ಎಚ್ಚರ ವಹಿಸುವವರು ಅಪರೂಪ. ಕರಾವಳಿ, ಮಲೆನಾಡುಗಳಲ್ಲಂತೂ ಮಳೆಗಾಲ ಬಂದರೆ ಗುಂಡಿಯು ಬಾವಿಯಾಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೀಳುವ ಭಯ ಬೇರೆ.

ಹಾಗಾದರೆ ಎಲ್ಲರೂ ಕತ್ತರಿ ಲಿಫ್ಟು ಕೊಳ್ಳಬೇಕೆ? ಖಂಡಿತ ಇಲ್ಲ. ವರ್ಷಕ್ಕೆ ಒಂದೆರಡು ಸಲ ಎಣ್ಣೆ ಬದಲಾಯಿಸುವುದಷ್ಟೇ ಕೆಲಸವಾದರೆ ಒಂದು ಒಳ್ಳೆಯ ಜಾಕು, ನಾಲ್ಕು ಉಕ್ಕಿನ ಸ್ಟ್ಯಾಂಡುಗಳು, ಗಾಲಿಗೆ ಕೊಡಲು ಮರದ ತುಂಡುಗಳು ಇಷ್ಟು ಸಾಕು. ಜಾಕಿನಿಂದ ಎತ್ತಿ, ಸ್ಟ್ಯಾಂಡುಗಳ ಮೇಲೆ ಕೂಡಿಸಿ, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿ, ಅನಂತರ ಕೆಳಗೆ ಹೋಗಬೇಕು. ಎರವಲು ಇಟ್ಟಿಗೆ, ಟೊಳ್ಳು ಕಾಂಕ್ರೀಟಿನ ಬ್ಲಾಕು ಇವುಗಳ ಮೇಲೆ ಗಾಡಿಯನ್ನು ನಿಲ್ಲಿಸುವುದು ಆತ್ಮಹತ್ಯೆಗೆ ಸಮಾನ. ಅವು ಸೂಚನೆಯನ್ನೇ ಕೊಡದೆ ಒಮ್ಮೆಗೇ ಪುಡಿಯಾಗುತ್ತವೆ. ತಿಂಗಳಿಗೆ ಒಂದೆರಡು ಭಾನುವಾರವಾದರೂ ಗಾಡಿಯ ಕೆಳಗೆ ಕಳೆಯುವ ಹವ್ಯಾಸಿಗೆ ಮಾತ್ರ ಲಿಫ್ಟು ಸಾರ್ಥಕ. ಒಂದೇ ಬೀದಿಯ ನಾಲ್ವರು ಗೆಳೆಯರು ಕೂಡಿ, ಯಾರ ಮನೆಯ ನೆಲ ಗಟ್ಟಿಯೋ ಅವರಲ್ಲಿ ಒಂದು ಲಿಫ್ಟು ಇಡಿಸಿದರೆ ಇನ್ನೂ ಉತ್ತಮ. ಜೊತೆಗೆ ಇನ್ನೊಬ್ಬರಿಲ್ಲದೆ ಒಂಟಿಯಾಗಿ ಗಾಡಿಯ ಕೆಳಗೆ ಹೋಗಬಾರದೆಂಬ ನಿಯಮವೂ ಆಗ ತಾನಾಗಿಯೇ ಪಾಲನೆಯಾಗುತ್ತದೆ.

ಕೊನೆಯದಾಗಿ, ಮಾರುವವರಲ್ಲಿ ನಮ್ಮದೊಂದು ಬೇಡಿಕೆ. ನೆಲದ ದಪ್ಪ, ಕಾಂಕ್ರೀಟಿನ ದರ್ಜೆ, ಕೊಕ್ಕೆಯನ್ನು ಪರೀಕ್ಷಿಸುವ ಕ್ರಮ, ಗಾಡಿ ಇಳಿಸುವಾಗ ದೂರ ನಿಲ್ಲಬೇಕಾದ ಅಳತೆ ಇವೆಲ್ಲವನ್ನೂ ಕನ್ನಡದಲ್ಲಿ ಅಚ್ಚುಮಾಡಿ ಯಂತ್ರದ ಮೇಲೆಯೇ ಅಂಟಿಸಿ ಕೊಡಬೇಕು. ಲಿಫ್ಟಿನ ಗುಂಡಿಯನ್ನು ಒತ್ತುವವನು ಯಾವಾಗಲೂ ಯಜಮಾನನೇ ಆಗಿರುವುದಿಲ್ಲ; ಸಹಾಯಕ್ಕೆ ಬಂದ ಹುಡುಗನೂ ಆಗಿರಬಹುದು. ಅವನಿಗೆ ಓದಲು ಬಾರದ ಭಾಷೆಯಲ್ಲಿ ಬರೆದ ಎಚ್ಚರಿಕೆಯು ಬರೆಯದೆ ಇದ್ದುದಕ್ಕೆ ಸಮ. ಕೊಳ್ಳುವವರು ಇದನ್ನು ಒತ್ತಾಯಪೂರ್ವಕವಾಗಿ ಕೇಳಿದರೆ ಮಾರುವವರು ಕೊಡದೆ ಇರಲಾರರು.

ನಮ್ಮ ಷೆಡ್ಡಿನಲ್ಲಿ ಈಗ ನೆಲವು ಸಮತಟ್ಟಾಗಿದೆ, ಕಾಂಕ್ರೀಟು ಗಟ್ಟಿಯಾಗಿದೆ, ಸೊಂಟದೆತ್ತರಕ್ಕೆ ಏರುವ ಒಂದು ಲಿಫ್ಟೂ ಇದೆ. ಅಂದಿನ ಹುಡುಗನು ಈಗ ಪ್ರಾಯಕ್ಕೆ ಬಂದಿದ್ದಾನೆ. ಕೆಲವು ಭಾನುವಾರಗಳಲ್ಲಿ ಬರುತ್ತಾನೆ. ಕೊಕ್ಕೆ ಬಿದ್ದ ಸದ್ದನ್ನು ಅವನು ಕೇಳಿದ ಹೊರತು ನಾವು ಗಾಡಿಯ ಕೆಳಗೆ ಕೈ ಹಾಕುವುದಿಲ್ಲ.